ನಿಮಗಿದು ಗೊತ್ತೆ? ಗುಬ್ಬಿ ಬರೀ ದಾರಿಯೂರಲ್ಲ

ತುಮಕೂರಿನಿಂದ ಒಂದು ದಿನದ ಪ್ರವಾಸವೆಂದರೆ ದೇವರಾಯನದುರ್ಗ, ನಾಮದ ಚಿಲುಮೆ, ಸಿದ್ಧಗಂಗೆ. ಅಲ್ಲಿಗೆ ಪಟ್ಟಿ ಮುಗಿಯಿತು. ಸುಮಾರು 20 ಕಿ.ಮೀ. ದೂರದ ಗುಬ್ಬಿಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ದಾಟುವವರೇ ಹೆಚ್ಚು. ಆದರೆ 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ಗೆ ಅದು ದೂರದ ವರ್ತಕರು ಸೇರುವ ಪೇಟೆಯಾಗಿ ಕಂಡಿತ್ತು. ಅಡಿಕೆ, ತೆಂಗಿನ ಸೀಮೆಯ ಇದೇ ಊರಲ್ಲಿ 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿತು. ಕಾಸು ಓಡಾಡುವ, ಪರ ಊರಿನವರು ರಾತ್ರಿ ತಂಗುವ ಪೇಟೆಯಲ್ಲಿ ಕಂಪನಿ ನಾಟಕ ಬೇರೂರಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಟಿಕೆಟ್ಟು ಕೊಳ್ಳುವವರಿಲ್ಲದೆ ರಂಗಪರದೆ ಏಳುತ್ತದೆಯೇ?

ಗುಬ್ಬಿಯಲ್ಲಿ ಬೇಲೂರಿನಂಥದ್ದೇನಿದೆ ಎಂದು ಕೇಳಬಹುದು. ಇಲ್ಲ, ನಿಜ. ಕೆತ್ತನೆಯೇ ಬೇಕೆಂದರೆ ತುಮಕೂರಿನ ಮಗ್ಗುಲಲ್ಲೇ ಕೈದಾಳದ ಚೆನ್ನಕೇಶವನಿದ್ದಾನೆ. ಶಿಲ್ಪಿ ಜಕಣಾಚಾರಿಗೆ ಕಳೆದ ಕೈ ಮರಳಿದ್ದರಿಂದ ಊರಿಗೆ ಆ ಹೆಸರು ಎನ್ನುತ್ತದೆ ಐತಿಹ್ಯ. ಅಲ್ಲಿನ 12ನೇ ಶತಮಾನದ ಶಾಸನ ಹೇಳುವುದು ಮಾತ್ರ ಗುಡಿ ಕಟ್ಟಿಸಿದ ಸಾಮಂತ ಬಾಚಿಯ ಹೆಸರನ್ನು. ಎರಡನ್ನೂ ಕೇಳಿಸಿಕೊಂಡು ನೋಡಿದರೆ ವಿಗ್ರಹ ಇನ್ನಷ್ಟು ಸೊಗಸು. ಗುಬ್ಬಿಯಂತೆಯೇ ಕಣ್ತಪ್ಪುವ ಜಾಗ ಕುಣಿಗಲ್ ಕಡೆಯಲ್ಲೂ ಇದೆ. ಅಲ್ಲಿಗೆ ಹೋದವರು ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಫಾರಂ, ಪಕ್ಕದ ಎಡೆಯೂರು ಸಿದ್ಧಲಿಂಗೇಶ್ವರರ ಗದ್ದುಗೆ ನೋಡಿ ಮರಳುತ್ತಾರೆ. ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ಅವರಿಗೆ ತಪ್ಪಿಹೋಗುತ್ತದೆ. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ, ಯಾರೂ ಗೇಟು ಎತ್ತದೆಯೇ, ಅಲ್ಲಿನ ಸೈಫನ್‌ಗಳು ತಾವಾಗಿಯೇ ಹೀರಿ ಹೆಚ್ಚುವರಿ ನೀರನ್ನು ಆಚೆಗೆ ಚೆಲ್ಲುತ್ತವೆ.