ಥರ್ಮಾಕೋಲ್ ತಲೆ ಕಾದ ಕತೆ

ಮಾಗಡಿ ರಸ್ತೆಯ ಫುಟ್‌ಪಾತಿನಲ್ಲಿ ಹೆಲ್ಮೆಟ್ ಕೊಳ್ಳುವವರನ್ನು ನೋಡಿ. ತೆಂಗಿನಕಾಯಿ ಆರಿಸುವ ಹಾಗೆ ಬೆರಳಗೆಣ್ಣಿನಿಂದ ಟಕಟಕ ಬಡಿಯುತ್ತಾರೆ. ಗಟ್ಟಿ ಇದ್ದರೆ ಚೌಕಾಸಿ ಶುರು. ಒಳಗೆ ಕೈಹಾಕಿ ನೋಡುವವರು ಕಡಿಮೆ. ತಲೆ ಉಳಿಸುವ ಸರಕು ಇರುವುದು ಮಾತ್ರ ಒಳಗೇ.

1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನ ಹಳ್ಳಿದಾರಿಯಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾಗಿದ್ದ ಟಿ.ಇ. ಲಾರೆನ್ಸ್, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಎಗರಿಬಿದ್ದ. ಬರಿದಲೆ. ಆರು ದಿನಕ್ಕೆ ತೀರಿಕೊಂಡ. ಚಿಕಿತ್ಸೆಗೆ ಬಂದಿದ್ದವರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ಮಿದುಳು ಶಸ್ತ್ರವೈದ್ಯನೂ ಇದ್ದ. ಆ ಸಾವು ಅವನನ್ನು ಬಿಡಲಿಲ್ಲ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ದೀಪವಿಲ್ಲದ ರಸ್ತೆಗಳಲ್ಲಿ ಸಂದೇಶ ಒಯ್ಯುವ ಸೈನಿಕರು ಬೈಕಿನಿಂದ ಬಿದ್ದು ಸಾಯತೊಡಗಿದರು. ಕೇರ್ನ್ಸ್ ಲೆಕ್ಕ ಹಾಕುತ್ತ ಕೂತ. 21 ತಿಂಗಳಲ್ಲಿ ಸತ್ತ ಸವಾರರು, ಹಿಂಬದಿ ಕೂತವರು ಸೇರಿ 2,279. ಹೆಲ್ಮೆಟ್ ಹಾಕಿಯೂ ಬಿದ್ದವರಲ್ಲಿ ಅವನ ಕಣ್ಣಿಗೆ ಸಿಕ್ಕಿದ್ದು ಏಳೇ ಜನ, ಏಳೂ ಬದುಕಿದ್ದರು. ಇಷ್ಟು ಸಣ್ಣ ಲೆಕ್ಕಕ್ಕೆ ಇವತ್ತಿನ ಸಂಖ್ಯಾಶಾಸ್ತ್ರಜ್ಞರು ಮೂಗು ಮುರಿದಾರು. 1941ರಲ್ಲಿ ಅವನು ಇದನ್ನು ಪ್ರಕಟಿಸಿದ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಹೆಲ್ಮೆಟ್ ಹಾಕಿದವರು ಏಕೆ ಉಳಿದರು ಎನ್ನುವುದು ಬೇರೆ ಪ್ರಶ್ನೆ. ಆಕ್ಸ್‌ಫರ್ಡಿನಲ್ಲಿ ಕೇರ್ನ್ಸ್ ಜೊತೆಗಿದ್ದ ಭೌತವಿಜ್ಞಾನಿ ಹೋಲ್ಬೋರ್ನ್ ಮಿದುಳಿನ ಬದಲು ಜೆಲಾಟಿನ್ ತುಂಬಿದ ಮಾದರಿ ಮಾಡಿ ತಿರುಗಿಸಿ ನೋಡಿದ. ಮಿದುಳು ಅದುಮಿದರೆ ಕುಗ್ಗುವುದಿಲ್ಲ, ಆದರೆ ತಿರುಚಿದರೆ ಪದರ ಪದರವಾಗಿ ಜಾರುತ್ತದೆ. ಬುರುಡೆ ಒಡೆಯದಿದ್ದರೂ ಒಳಗಿನ ನರತಂತುಗಳು ಎಳೆದು ಹರಿದುಹೋಗಬಹುದು. ಹಾಗಾದರೆ ಹೊರಗಿನ ಗಟ್ಟಿತನವೊಂದೇ ಸಾಲದು; ತಲೆ ನಿಲ್ಲುವ ಹೊತ್ತನ್ನು, ಕಣ್ಣುಮಿಟುಕಿಗಿಂತ ಕಡಿಮೆಯಾದರೂ ಸರಿ, ಒಂದಿಷ್ಟು ಹಿಗ್ಗಿಸಬೇಕು.

ಆ ಕೆಲಸಕ್ಕೆ ಸರಿಯಾದ ವಸ್ತು ಬಂದದ್ದು ಅಮೆರಿಕದಲ್ಲಿ. ಲಾಂಬಾರ್ಡ್ ಮತ್ತು ರಾತ್ ಎಂಬಿಬ್ಬರು 1953ರಲ್ಲಿ, ಏಟು ಬಿದ್ದರೆ ತಾನೇ ಜಜ್ಜಿಹೋಗುವ ನೊರೆಯಂಥ ಒಳಪದರಕ್ಕೆ ಪೇಟೆಂಟ್ ಪಡೆದರು. ಏಟನ್ನು ಸ್ಪ್ರಿಂಗಿನಂತೆ ಪುಟಿದು ತಲೆಗೇ ವಾಪಸು ಕೊಡುವುದಲ್ಲ, ನುಂಗಿ ಸುಮ್ಮನಾಗುವುದು. ನಮ್ಮ ಹೆಲ್ಮೆಟ್ಟಿನ ಥರ್ಮಾಕೋಲ್ ಅದೇ ವಂಶದ್ದು.

ಬೆಂಗಳೂರಿನಲ್ಲಿ ಸವಾರರ ಹೆಲ್ಮೆಟ್ 2006ರಲ್ಲಿ ಕಡ್ಡಾಯವಾಯಿತು, ಹಿಂದೆ ಕೂತವರದು 2016ರ ಜನವರಿಯಲ್ಲಿ. ಕಾನೂನಿನ ಹಿಂದೆಯೇ ಅರ್ಧ ಟೋಪಿಯೂ ಬಂತು: ಒಳಗೆ ಬಟ್ಟೆ, ಸ್ಪಂಜು, ಪೊಲೀಸರ ಕಣ್ಣಿಗಷ್ಟೇ ಹೆಲ್ಮೆಟ್. ಕೆಂಗೇರಿಯಲ್ಲಿ ಬಿದ್ದವರನ್ನೂ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಒಯ್ಯುವ ಊರು ಇದು. ಬಿದ್ದೆದ್ದವನು ‘ಏನೂ ಆಗಿಲ್ಲ’ ಎಂದು ಮನೆಗೆ ಹೋಗಿ, ಆಮೇಲೆ ವಾಂತಿ ಮಾಡಿದರೆ, ಮಂಪರಾದರೆ, ತಲೆನೋವು ಏರುತ್ತಿದ್ದರೆ ಮಲಗಿಸಿ ಕಾಯಬಾರದು. ಒಳಗೆ ರಕ್ತ ನಿಧಾನವಾಗಿ ಕಟ್ಟುತ್ತಿರಬಹುದು.

ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಹೊರಗಿನ ಬಣ್ಣಕ್ಕೆ ಒಂದು ಗೀರಷ್ಟೇ ಬಿದ್ದಿರುತ್ತದೆ. ಅಂಥ ಹೆಲ್ಮೆಟ್ಟನ್ನು ಒರೆಸಿ, ‘ಚೆನ್ನಾಗೇ ಇದೆ’ ಎಂದು ತಮ್ಮನಿಗೆ ದಾಟಿಸುವವರಿದ್ದಾರೆ.