ಸಂಘ-ಸಂಸ್ಥೆಗಳು ಜನರನ್ನು ತಲುಪಲು ತಂತ್ರಜ್ಞಾನದ ಬಳಕೆ: ಉತ್ತರ ಬೆಂಗಳೂರಿನ ಸೇವಾ ಸಂಸ್ಥೆಗಳಿಗೆ ಮಾಹಿತಿ

ಪೀಠಿಕೆ

ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರ ಪ್ರದೇಶಗಳಲ್ಲಿ ಮಹಿಳಾ ಸ್ವಸಹಾಯ ಗುಂಪುಗಳು, ಬಡಾವಣೆ ನಿವಾಸಿಗಳ ಸಂಘಗಳು, ಕೆರೆ ಸಂರಕ್ಷಣಾ ಸಮಿತಿಗಳು ಮತ್ತು ದತ್ತಿ ಸಂಸ್ಥೆಗಳು ಕಾರ್ಯನಿರ್ವಹಿಸುತ್ತಿವೆ. ಆರೋಗ್ಯ ಶಿಬಿರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೌಲಭ್ಯಗಳ ಮಾಹಿತಿಯು ಅನೇಕರಿಗೆ ಇಂತಹ ಸಂಸ್ಥೆಗಳ ಮೂಲಕವೇ ದೊರೆಯುತ್ತದೆ. ಮಾಹಿತಿಯು ಸಕಾಲದಲ್ಲಿ ತಲುಪದಿದ್ದಲ್ಲಿ ಅರ್ಹ ಫಲಾನುಭವಿಯು ಸೌಲಭ್ಯದಿಂದ ವಂಚಿತನಾಗುತ್ತಾನೆ. ಆದುದರಿಂದ ಸಾಧನವನ್ನು ಆಯ್ಕೆ ಮಾಡುವಾಗ ಸಂಸ್ಥೆಯ ಅನುಕೂಲಕ್ಕಿಂತ ಜನರ ಕೈಯಲ್ಲಿ ಈಗಾಗಲೇ ಇರುವ ಸಾಧನಕ್ಕೆ ಆದ್ಯತೆ ನೀಡುವುದು ಅವಶ್ಯಕವಾಗಿದೆ.

ಕರ್ನಾಟಕದ ಅನುಭವ

ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಈ ವಿಷಯದಲ್ಲಿ ಉತ್ತಮ ನಿದರ್ಶನವಾಗಿದೆ. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನೊಂದಿಗೆ ಇದನ್ನು ರೂಪಿಸಿದವು. ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ಕೇಂದ್ರ ನಡೆಸಲು ಆಗ ಅನುಮತಿ ಇರಲಿಲ್ಲ. ಆದಕಾರಣ 2003ರಲ್ಲಿ ಗ್ರಾಮಸ್ಥರೇ ಸಿದ್ಧಪಡಿಸಿದ ಧ್ವನಿ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸಲಾಯಿತು. ಸ್ವಸಹಾಯ ಗುಂಪುಗಳ ಮಹಿಳೆಯರು ಕಾರ್ಯಕ್ರಮಗಳ ತಯಾರಿಕೆಯಲ್ಲಿ ಪಾಲ್ಗೊಂಡರು. ಓದು-ಬರಹ ಬಾರದವರೂ ಇಲ್ಲಿ ಕೇಳುಗರಾಗಿ ಮಾತ್ರವಲ್ಲದೆ ಮಾತನಾಡುವವರಾಗಿಯೂ ಭಾಗವಹಿಸಲು ಸಾಧ್ಯವಾಯಿತು.

2006ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಸಮುದಾಯ ಬಾನುಲಿ ನೀತಿಯನ್ನು ಪರಿಷ್ಕರಿಸಿ, ಲಾಭರಹಿತ ಸಂಸ್ಥೆಗಳಿಗೂ ಅವಕಾಶ ಕಲ್ಪಿಸಿತು. 2007ರಲ್ಲಿ ಬೆಂಗಳೂರಿನಲ್ಲಿ ‘ರೇಡಿಯೋ ಆ್ಯಕ್ಟಿವ್’ ಸಮುದಾಯ ಬಾನುಲಿ ಕೇಂದ್ರವು ಪ್ರಸಾರವನ್ನು ಆರಂಭಿಸಿತು.

ಸಾಧನದ ಆಯ್ಕೆ

ಒಂದೇ ಪ್ರದೇಶದಲ್ಲಿಯೂ ಜನರ ಅಗತ್ಯಗಳು ಭಿನ್ನವಾಗಿರುತ್ತವೆ. ಉದಾಹರಣೆಗೆ, ಜಕ್ಕೂರು ಕೆರೆಯ ಆರೈಕೆಯಲ್ಲಿ ಜಲಪೋಷಣ್ ಎಂಬ ನಾಗರಿಕ ಟ್ರಸ್ಟ್ ತೊಡಗಿಸಿಕೊಂಡಿದೆ. ವಾಯುವಿಹಾರಕ್ಕೆ ಬರುವವರಂತೆಯೇ ಮೀನು ಹಿಡಿಯುವವರು ಮತ್ತು ದನಗಳಿಗೆ ಹುಲ್ಲು ಕೊಯ್ಯುವವರೂ ಈ ಕೆರೆಯನ್ನು ಅವಲಂಬಿಸಿದ್ದಾರೆ. ಕೆರೆಯ ಕುರಿತ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಬರೆದು ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಹಾಕಿದಲ್ಲಿ ಮೊದಲನೆಯವರಿಗೆ ಅದು ತಲುಪಬಹುದು. ಜೀವನೋಪಾಯ ಕೆರೆಯಲ್ಲಿಯೇ ಇರುವವರಿಗೆ ತಲುಪದೇ ಹೋಗಬಹುದು. ಅಂತಹವರಿಗೆ ಕನ್ನಡದ ಧ್ವನಿ ಸಂದೇಶ ಅಥವಾ ನೇರ ದೂರವಾಣಿ ಕರೆ ಹೆಚ್ಚು ಉಪಯುಕ್ತ. ಆರ್.ಟಿ. ನಗರದಂತಹ ಬಡಾವಣೆಗಳಲ್ಲಿ ಕನ್ನಡದೊಂದಿಗೆ ಉರ್ದು, ತಮಿಳು, ತೆಲುಗು ಧ್ವನಿಮುದ್ರಣಗಳನ್ನೂ ಸಿದ್ಧಪಡಿಸಬಹುದು. ಯಶವಂತಪುರದ ಎಪಿಎಂಸಿ ಮಾರುಕಟ್ಟೆಯ ಹಮಾಲರಿಗೆ ಸಂದೇಶ ಕಳುಹಿಸುವಾಗ ಅವರ ಕೆಲಸದ ಅವಧಿಯನ್ನು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಕನ್ನಡದಲ್ಲಿ ಸಂದೇಶ ಸಿದ್ಧಪಡಿಸುವಾಗ ಎರಡು ತಾಂತ್ರಿಕ ಅಂಶಗಳನ್ನು ಗಮನಿಸಬೇಕು:

1. ಪಠ್ಯವನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪಠ್ಯವನ್ನು ಹಾಗೆಯೇ ಮೊಬೈಲ್‌ಗೆ ಕಳುಹಿಸಿದಲ್ಲಿ, ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು.

2. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್‌ನ 160 ಅಕ್ಷರಗಳಿಗೆ ಅವಕಾಶವಿದ್ದರೆ, ಕನ್ನಡದಲ್ಲಿ 70 ಸಂಕೇತಗಳಿಗೆ ಮಾತ್ರ ಅವಕಾಶವಿರುತ್ತದೆ. ಸ್ವರಚಿಹ್ನೆಗಳನ್ನೂ ಪ್ರತ್ಯೇಕವಾಗಿ ಎಣಿಸುವುದರಿಂದ ‘ಶಿಬಿರ’ ಎಂಬ ಮೂರಕ್ಷರದ ಪದವು ಐದು ಸಂಕೇತಗಳಾಗುತ್ತದೆ. ಮಿತಿ ಮೀರಿದಲ್ಲಿ ಒಂದೇ ಸೂಚನೆಯು ಎರಡು ಅಥವಾ ಹೆಚ್ಚು ಸಂದೇಶಗಳಾಗಿ ವೆಚ್ಚ ಹೆಚ್ಚುತ್ತದೆ. ಆದುದರಿಂದ ದಿನ, ಸಮಯ, ಸ್ಥಳ ಹಾಗೂ ತರಬೇಕಾದ ದಾಖಲೆಯನ್ನು ಮೊದಲು ತಿಳಿಸಿ, ಸ್ವಾಗತ-ವಂದನೆಗಳನ್ನು ಕೈಬಿಡುವುದು ಸೂಕ್ತ.

ಅನುಮತಿ ಮತ್ತು ನೋಂದಣಿ

ಸಾಮೂಹಿಕ ಎಸ್‌ಎಂಎಸ್: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯನ್ವಯ, ಸಾಮೂಹಿಕ ವಾಣಿಜ್ಯ ಸಂದೇಶ ಸೇವೆಯನ್ನು ಬಳಸುವ ಸಂಸ್ಥೆಯು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ತನ್ನ ಹೆಸರು, ಕಳುಹಿಸುವವರ ಗುರುತು ಹಾಗೂ ಸಂದೇಶದ ಮಾದರಿಯನ್ನು ನೋಂದಾಯಿಸಬೇಕು. ನೋಂದಾಯಿತ ಮಾದರಿಗೆ ಹೊಂದದ ಸಂದೇಶಗಳು ತಲುಪದೇ ಹೋಗುವುದರಿಂದ, ಶಿಬಿರದ ದಿನಾಂಕಕ್ಕಿಂತ ಸಾಕಷ್ಟು ಮುಂಚಿತವಾಗಿ ಈ ಪ್ರಕ್ರಿಯೆಯನ್ನು ಪೂರ್ಣಗೊಳಿಸಬೇಕು.

ಸಮುದಾಯ ಬಾನುಲಿ: ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿರುವ ಲಾಭರಹಿತ ಸಂಸ್ಥೆಗಳು ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಅರ್ಜಿ ಸಲ್ಲಿಸಬಹುದು. ವ್ಯಕ್ತಿಗಳು ಮತ್ತು ರಾಜಕೀಯ ಪಕ್ಷಗಳು ಅರ್ಹರಲ್ಲ. ಕನಿಷ್ಠ ಶೇ. 50ರಷ್ಟು ಕಾರ್ಯಕ್ರಮಗಳು ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಿರಬೇಕು.

ಧ್ವನಿವರ್ಧಕ: 2000ದ ಶಬ್ದ ಮಾಲಿನ್ಯ ನಿಯಮಗಳನ್ವಯ ಧ್ವನಿವರ್ಧಕ ಬಳಕೆಗೆ ಸಂಬಂಧಪಟ್ಟ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾರ್ವಜನಿಕ ಪ್ರಕಟಣೆಗೆ ಇದನ್ನು ಬಳಸುವಂತಿಲ್ಲ.

ವೈಯಕ್ತಿಕ ಮಾಹಿತಿಯ ರಕ್ಷಣೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023ರಲ್ಲಿ ರಚನೆಯಾಗಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಹಂತಹಂತವಾಗಿ ಜಾರಿಗೆ ಬರುವಂತೆ ಅಧಿಸೂಚಿಸಲಾಗಿದೆ. ಶಿಬಿರದಲ್ಲಿ ಪಡೆದ ದೂರವಾಣಿ ಸಂಖ್ಯೆಯನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದು ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಅಗತ್ಯ. ಫಲಾನುಭವಿಗಳ ಕಾಯಿಲೆಯ ವಿವರ ಅಥವಾ ಆಧಾರ್ ಪ್ರತಿಯನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಕೊಳ್ಳಬಾರದು. ನೆರವು ಪಡೆಯುವವರ ಛಾಯಾಚಿತ್ರವನ್ನು ಪ್ರಚಾರಕ್ಕೆ ಬಳಸುವ ಮುನ್ನ ಅವರನ್ನು ಕೇಳುವುದು ಅವರ ಘನತೆಯನ್ನು ಕಾಪಾಡುವ ಕ್ರಮವೂ ಆಗಿದೆ.

ಜನರ ಪ್ರತಿಕ್ರಿಯೆ

ಸಂದೇಶ ಕಳುಹಿಸಿದ ಮಾತ್ರಕ್ಕೆ ಅದು ತಲುಪಿತೆಂದು ಭಾವಿಸುವಂತಿಲ್ಲ. ಜನರು ಮರಳಿ ಕರೆ ಮಾಡಲು ಒಂದು ಸಂಖ್ಯೆ, ಆ ಕರೆಗೆ ಉತ್ತರಿಸಲು ಒಬ್ಬ ಹೊಣೆಗಾರ ಹಾಗೂ ಕರೆಗಳನ್ನು ದಾಖಲಿಸಲು ಒಂದು ಪುಸ್ತಕ ಇರಬೇಕು. ಶಿಬಿರಕ್ಕೆ ಬಂದವರನ್ನು ‘ಮಾಹಿತಿ ಹೇಗೆ ತಿಳಿಯಿತು’ ಎಂದು ವಿಚಾರಿಸಿ ಬರೆದಿಡುವುದರಿಂದ ಮುಂದಿನ ಬಾರಿ ಯಾವ ಸಾಧನಕ್ಕೆ ಹಣ ವಿನಿಯೋಗಿಸಬೇಕೆಂಬುದು ಸ್ಪಷ್ಟವಾಗುತ್ತದೆ.

ಅರ್ಜಿದಾರ ಸಂಸ್ಥೆಗಳ ಗಮನಕ್ಕೆ

- ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಾಯಿತವಾಗಿರುವ ಸಂಘಗಳು ವಾರ್ಷಿಕ ದಾಖಲೆಗಳನ್ನು ಕ್ರಮಬದ್ಧವಾಗಿ ಸಲ್ಲಿಸಿರತಕ್ಕದ್ದು.
- ಸರ್ಕಾರದ ಅನುದಾನ ಅಪೇಕ್ಷಿಸುವ ಸಂಸ್ಥೆಗಳು ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ನಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆದಿಟ್ಟುಕೊಳ್ಳುವುದು ಸೂಕ್ತ.
- 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹಳೆಯ ಕರಪತ್ರ ಹಾಗೂ ಸಂದೇಶಗಳಲ್ಲಿರುವ ಕಚೇರಿಯ ಹೆಸರು ಮತ್ತು ಸಹಾಯವಾಣಿ ಸಂಖ್ಯೆಗಳನ್ನು ಪರಿಶೀಲಿಸಿದ ನಂತರವೇ ಮರುಬಳಕೆ ಮಾಡತಕ್ಕದ್ದು.