ಪೇಟೆಂಟಿನ ಸ್ವತ್ವಸಂಕ್ರಮಣ

ದಾತೃವಿನ ಸ್ವತ್ವವು ನಿವೃತ್ತವಾಗಿ ಪರನ ಸ್ವತ್ವವು ಉಂಟಾದಾಗಲೇ ದಾನವು ಸಿದ್ಧಿಸುವುದೆಂದೂ, ಪರನು ಸ್ವೀಕರಿಸದೆ ಅದು ಪೂರ್ಣವಾಗದೆಂದೂ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ನಿರ್ಣಯಿಸಿರುವನು. ಭೂಮಿಯಾದರೆ ಕಿಂಚಿತ್ತಾದರೂ ಭೋಗವಿದ್ದಲ್ಲದೆ ಸ್ವೀಕಾರವಾಗದೆಂಬುದು ಅವನ ಮತ.

ಪೇಟೆಂಟೆಂಬುದು ನೂತನ ಉಪಜ್ಞೆಗೆ ಅರ್ಜಿಯ ದಿನದಿಂದ 20 ವರ್ಷ ಸಲ್ಲುವ ಅನನ್ಯಾಧಿಕಾರ. ಅಮೂರ್ತವಾದುದರಿಂದ ಹೊಲದಂತೆ ಇದನ್ನು ಭೋಗದಿಂದ ಸ್ವೀಕರಿಸಿ ತೋರಿಸಲಾಗದು. ಆದಕಾರಣ 1970ರ ಪೇಟೆಂಟು ಕಾಯಿದೆಯ 68ನೆಯ ಕಲಮು ಸಕಲ ನಿಬಂಧನೆಗಳನ್ನೊಳಗೊಂಡ ಲಿಖಿತಪತ್ರವನ್ನು ವಿಧಿಸುತ್ತದೆ. 69ನೆಯ ಕಲಮಿನಂತೆ ಹೊಸ ಒಡೆಯನು ತನ್ನ ಸ್ವತ್ವವನ್ನು ದಾಖಲೆಪುಸ್ತಕದಲ್ಲಿ ಬರೆಯಿಸಬೇಕು. ಹಾಗೆ ದಾಖಲಾಗದ ಪತ್ರವು, ಸಕಾರಣವಾದ ವಿಶೇಷಾಜ್ಞೆಯಿಲ್ಲದಿದ್ದರೆ, ನ್ಯಾಯಾಲಯದಲ್ಲಿ ಸ್ವತ್ವಕ್ಕೆ ಪ್ರಮಾಣವಾಗದು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೃಷಿಕನೊಬ್ಬನು ಬಿತ್ತನೆಯ ಯಂತ್ರವೊಂದನ್ನು ಕಲ್ಪಿಸಿ ಪೇಟೆಂಟು ಪಡೆದನಾದರೆ, ಅದನ್ನು ಈ ಕ್ರಮದಿಂದ ವಿಕ್ರಯಿಸಬಹುದು. ಆದರೆ ತನ್ನ ತೊಗರಿಗೆ ಸಲ್ಲುವ ಹೆಸರನ್ನು ವಿಕ್ರಯಿಸಲಾರನು. ಗುಲಬರ್ಗಾ ತೊಗರಿಬೇಳೆಯೆಂಬ ಹೆಸರು 2019ರಲ್ಲಿ ಭೌಗೋಳಿಕ ಸೂಚಕವಾಗಿ ನೋಂದಿತವಾಯಿತು. ಇಂತಹ ಹೆಸರಿನ ಹಕ್ಕನ್ನು ಮಾರುವುದನ್ನೂ ಒತ್ತೆಯಿಡುವುದನ್ನೂ 1999ರ ಭೌಗೋಳಿಕ ಸೂಚಕಗಳ ಕಾಯಿದೆಯ 24ನೆಯ ಕಲಮು ನಿಷೇಧಿಸಿದೆ. ಅಧಿಕೃತ ಬಳಕೆದಾರನು ಮೃತನಾದರೆ ಮಾತ್ರ ಅದು ಅವನ ಉತ್ತರಾಧಿಕಾರಿಗೆ ಸಲ್ಲುವುದು.

ಹೀಗೆ ಉಪಜ್ಞೆಯು ವಿಕ್ರಯಕ್ಕೆ ಯೋಗ್ಯವಾದ ಧನ. ನೆಲದಿಂದ ಬಂದ ಹೆಸರು ದಾಯವಾಗಿ ಮಾತ್ರ ಸಂಕ್ರಮಿಸತಕ್ಕದ್ದು. ಈ ಭೇದವನ್ನರಿಯದೆ ಪತ್ರಕ್ಕೆ ರುಜು ಹಾಕುವವನು ಮಾರಲಾಗದುದನ್ನು ಮಾರಿದಂತಾಗುವುದು.